ಹಳದಿಗೆ ತಿರುಗಿದ ಆರತಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಮ್ಮನಹಳ್ಳಿಯ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಆಮ್ಲ, ಪ್ರತ್ಯಾಮ್ಲ ಎಂದರೆ ಆಕಳಿಸುತ್ತಿದ್ದ ಮಕ್ಕಳು, ಮನೆಯಿಂದ ಅರಿಶಿನ, ಸೋಪು, ಹುಣಸೆಹಣ್ಣು ತಂದು ಪ್ರಯೋಗ ಮಾಡಲು ಶುರುಮಾಡಿದ ಮೇಲೆ ಬೆಲ್ ಹೊಡೆದರೂ ಏಳುತ್ತಿರಲಿಲ್ಲ.

ಅವರಲ್ಲಿ ಪ್ರಿಯದರ್ಶಿನಿ ಒಂದು ಹೆಜ್ಜೆ ಮುಂದೆ. ಅಪ್ಪ ಹುಲಿಗೆಪ್ಪ ಲಿಂಗಸುಗೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ತನ್ನ ಆ ಕಡೆಯ ಮಾತಿಗೆ ಉಳಿದವರು ನಗುತ್ತಾರೆಂದು ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ, ವಿಜ್ಞಾನ ಪ್ರದರ್ಶನಕ್ಕೆ ತಾನಾಗಿ ಬಂದು ಒಂದು ಮೇಜು ಕೇಳಿದ್ದಳು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪು, ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಇಷ್ಟೇ ಅವಳ ಪ್ರಯೋಗ.

ಪ್ರದರ್ಶನದ ಬೆಳಿಗ್ಗೆ ಬಂದು ನೋಡಿದರೆ ಅವಳ ಮೇಜೇ ಇಲ್ಲ. ಆ ಜಾಗದಲ್ಲಿ ಯಾರದೋ ಅಪ್ಪ ಆನ್‌ಲೈನಿನಲ್ಲಿ ತರಿಸಿಕೊಟ್ಟ ಜ್ವಾಲಾಮುಖಿ ಕೂತಿತ್ತು.

“ಅರಿಶಿನ, ಸುಣ್ಣ ಎಲ್ಲಾ ಅಡುಗೆಮನೆ ಸಾಮಾನು ಕಣ್ರೀ. ಚೀಫ್ ಗೆಸ್ಟ್ ಏನಂದ್ಕೋತಾರೆ?” ಎಂದರು ಪ್ರಿನ್ಸಿಪಾಲ್ ಹಂಸ ಮೇಡಂ.

ನನಗೆ ಮೈಯೆಲ್ಲ ಉರಿದುಹೋಯಿತು. “ಮಗು ವಾರದಿಂದ ತಯಾರಿ ಮಾಡ್ಕೊಂಡಿದೆ ಮೇಡಂ,” ಎಂದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ಬಂತು. ಆರತಿ ಸಿದ್ಧವಾಗಿರಲಿಲ್ಲ. ಆಗ ಆ ಮಹಾತಾಯಿ ಏನು ಮಾಡಿದರು ಗೊತ್ತೆ? ಪ್ರಿಯದರ್ಶಿನಿ ಮನೆಯಿಂದ ಕಲಸಿ ತಂದಿದ್ದ ಕೆಂಪು ನೀರನ್ನು ತಟ್ಟೆಗೆ ಸುರಿದು, “ಓಕುಳಿ ಸಿಕ್ತಲ್ಲ. ನೀನೇ ಎತ್ತಮ್ಮ, ಲಂಗ ದಾವಣಿ ಬೇರೆ ಹಾಕಿದೀಯ,” ಎಂದರು. ಮೇಜಿಗೆ ಬೇಡವಾದದ್ದು ಆರತಿಗೆ ಬೇಕಾಯಿತು. ಇಷ್ಟು ನಾಚಿಕೆಗೆಟ್ಟ ಕೆಲಸವನ್ನು ನಾನು ಕಂಡಿರಲಿಲ್ಲ.

ತಟ್ಟೆ ಹಿಡಿದ ಹುಡುಗಿಯ ಕಣ್ಣು ತುಂಬಿತ್ತು. ಅವಳ ಚೀಲದಿಂದ ನಿಂಬೆಹಣ್ಣಿನ ಹೋಳು ತೆಗೆದು ಅವಳ ಕೈಗಿಟ್ಟೆ. ತಟ್ಟೆಯ ಒಂದು ಅಂಚನ್ನು ನಾನೇ ಹಿಡಿದುಕೊಂಡೆ.

“ಹಿಂಡು,” ಎಂದೆ.

ಅತಿಥಿಯ ಮುಂದೆಯೇ ಹಿಂಡಿದಳು. ಕೆಂಪು ಓಕುಳಿ ನೋಡನೋಡುತ್ತಿದ್ದಂತೆ ಹಳದಿಯಾಯಿತು. ಹಂಸ ಮೇಡಂ ಮುಖ ಕಪ್ಪಿಟ್ಟಿತು.

ಅತಿಥಿ ವೆಂಕಟಸುಬ್ಬಯ್ಯ ನಿವೃತ್ತ ಇಂಜಿನಿಯರ್. ಬಗ್ಗಿ ನೋಡಿದರು. “ಇದು ಹೇಗಾಯ್ತಮ್ಮ?”

“ಸುಣ್ಣ ಪ್ರತ್ಯಾಮ್ಲ ಐತ್ರಿ ಸರ್, ಅದಕ್ಕ ಅರಿಶಿಣ ಕೆಂಪಾಗಿತ್ತು. ಲಿಂಬಿಹಣ್ಣಿನ ಆಮ್ಲ ಅದನ್ನ ತಟಸ್ಥ ಮಾಡ್ತು. ಮತ್ತ ಸುಣ್ಣ ಹಾಕಿದ್ರ ಮತ್ತ ಕೆಂಪಾಗ್ತೈತ್ರಿ.” ಎಲ್ಲಿಯೂ ತೊದಲಲಿಲ್ಲ, ಯಾರೂ ನಗಲಿಲ್ಲ.

“ಭೇಷ್. ನಿನ್ನ ಮೇಜೆಲ್ಲಿದೆ? ಮೊದಲು ಅದನ್ನೇ ನೋಡೋಣ.”

ಪ್ರಿಯದರ್ಶಿನಿ ತಲೆಯೆತ್ತಿ ಹಂಸ ಮೇಡಂ ಕಡೆಗೇ ನೋಡಿದಳು.

“ಇಲ್ರಿ ಸರ್. ಅಡಿಗಿಮನಿ ಸಾಮಾನು ಅಂತ ತೆಗಿಸ್ಯಾರ.”