ಅರ್ಧ ಉಳಿದ ಬ್ಯಾಟರಿಗಳು

ನಾಟಕ ಶುರುವಾಗುವ ಮುನ್ನ ನಾಟಕಶಾಲೆಯ ಮೈಕುಗಳನ್ನು ನೋಡಿಕೊಳ್ಳುವ ಮೈಕಣ್ಣ ಪ್ರತಿಯೊಬ್ಬ ನಟನ ಸೊಂಟದ ಮೈಕು ಪೆಟ್ಟಿಗೆಯಿಂದಲೂ ಹಳೆಯ ಬ್ಯಾಟರಿ ತೆಗೆದು ಹೊಸದು ಹಾಕುತ್ತಿದ್ದ. ಹಳೆಯದೆಂದರೆ ನಿನ್ನೆಯದು, ಅದರಲ್ಲಿ ಇನ್ನೂ ಅರ್ಧ ಜೀವ ಇರುತ್ತಿತ್ತು. ಆದರೆ ಎಂದೋ ಒಮ್ಮೆ, ರಾಜನ ಪಾತ್ರಧಾರಿ ಗದ್ಗದಿತನಾಗಿ ಮಾತಾಡುವಾಗ ಮೈಕು ಕೈಕೊಟ್ಟು, ತುಂಬಿದ ಸಭೆ ಗೊಳ್ಳೆಂದು ನಕ್ಕಿತ್ತು. ಆ ನಗು ಮೈಕಣ್ಣನ ಕಿವಿಯಿಂದ ಹೋಗಿರಲಿಲ್ಲ. ತೆಗೆದ ಬ್ಯಾಟರಿಗಳು ಹರಿದ ಕಾಗದದ ಹೂವು, ಬಣ್ಣ ಒರೆಸಿದ ಹತ್ತಿಯ ಜೊತೆ ಕಸದ ಡಬ್ಬಿ ಸೇರುತ್ತಿದ್ದವು. ಮರುದಿನ ಬೆಳಿಗ್ಗೆ ಗುಡಿಸುವ ಅಕ್ಕ ಅದನ್ನೆಲ್ಲ ಹಿತ್ತಲಿಗೆ ಒಯ್ದು ಸುಡುತ್ತಿದ್ದಳು.

ಒಂದು ಬೆಳಿಗ್ಗೆ ಆ ಬೆಂಕಿಯಲ್ಲಿ ಏನೋ ಢಬ್ಬೆಂದು ಸಿಡಿದು ಅಕ್ಕನ ಬಲಗಣ್ಣಿಗೆ ಬಡಿಯಿತು.

ಬಣ್ಣದ ಡಬ್ಬಿಯೇ ಇರಬೇಕೆಂದು ಎಲ್ಲರೂ ಅಂದರು. ಮೈಕಣ್ಣ ಬೂದಿ ಕೆದಕಿದಾಗ ಸಿಕ್ಕಿದ್ದು ಸಿಡಿದು ಬಾಯಿಬಿಟ್ಟ ಬ್ಯಾಟರಿ. ನಾಲ್ಕು ದಿನ ಅದನ್ನು ಜೇಬಿನಲ್ಲೇ ಬಚ್ಚಿಟ್ಟುಕೊಂಡು ತಿರುಗಿದ. ಐದನೆಯ ದಿನ ಆಸ್ಪತ್ರೆಗೆ ಹೋಗಿ, ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಅಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಈ ಕಣ್ಣು ಇನ್ನು ಬರಲ್ಲ ಅಂದ್ಬಿಟ್ರು," ಎಂದಳು. ಆಮೇಲೆ, "ಈಗ ಎಲ್ಲಿ ಹಾಕ್ತಿದ್ದೀಯಪ್ಪ ಅವನ್ನ?" ಎಂದು ಕೇಳಿದಳು.

ಮೈಕಣ್ಣ ಈಗ ಬ್ಯಾಟರಿಗಳ ತುದಿಗೆ ಟೇಪು ಸುತ್ತಿ ಒಣ ಡಬ್ಬಿಯಲ್ಲಿ ಇಡುತ್ತಿದ್ದ. ಇಟ್ಟು ಮುಂದೇನು ಮಾಡುವುದೆಂದು ಮಾತ್ರ ತಿಳಿಯದು. ಮಾರುವುದಷ್ಟೇ ತನ್ನ ಕೆಲಸ ಎಂದಿದ್ದ ಬ್ಯಾಟರಿ ಅಂಗಡಿಯವನು. ನಾಟಕಶಾಲೆಯಿಂದ ಪತ್ರ ತಂದರೆ ನೋಡೋಣ ಎಂದಿದ್ದರು ನಗರಸಭೆಯ ಕಚೇರಿಯವರು. ಪತ್ರ ಕೊಡಬೇಕಾದ ಮ್ಯಾನೇಜರು ಕೈಚೆಲ್ಲಿದರು.

"ನಾನೇನು ಆಸೆಪಟ್ಟು ಸುಡಿಸ್ತೀನಾ? ಕಸದ ಲಾರಿ ಈ ಗಲ್ಲಿಗೆ ಬರಲ್ಲ. ಒಳಗೆ ಗುಡ್ಡೆ ಹಾಕಿದ್ರೆ ನಾಳೆ ಪರದೆಗೇ ಬೆಂಕಿ ಬೀಳುತ್ತೆ. ಪತ್ರ ಬರೆದ್ರೆ ತಪ್ಪು ನಮ್ಮದೇ ಅಂತ ಒಪ್ಪಿಕೊಂಡ ಹಾಗಾಗುತ್ತೆ, ಯಾರು ಬರೀತಾರೆ?"

ಅವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅದೇ ಸಂಕಟ.

ಮೈಕಣ್ಣ ಪ್ರತಿ ಬ್ಯಾಟರಿಯನ್ನೂ ಅಳೆದು, ಶಕ್ತಿ ಉಳಿದದ್ದನ್ನು ಮತ್ತೆ ಬಳಸತೊಡಗಿದ. ಜನ ನಕ್ಕರೆ ನಗಲಿ ಎಂದುಕೊಂಡ. ಆದರೆ ಮುಂದಿನ ತಿಂಗಳು ಬೇರೆ ಊರಿನ ತಂಡವೊಂದು ತನ್ನದೇ ಮೈಕುಗಳೊಂದಿಗೆ ಬಂದು, ಆಟ ಮುಗಿಸಿ, ಕಸ ಬಿಟ್ಟು ಹೋಯಿತು. ಬೆಳಿಗ್ಗೆ ಅವನು ಹಿತ್ತಲಿಗೆ ಬಂದರೆ, ರಾಶಿಯ ಮುಂದೆ ಬೆಂಕಿಪೆಟ್ಟಿಗೆ ಹಿಡಿದು ನಿಂತಿದ್ದವಳು ಅಕ್ಕನೇ.

ಇಷ್ಟು ಬೇಗ ಕೆಲಸಕ್ಕೆ ಯಾಕೆ ಬಂದೆ ಎಂದು ಕೇಳಿದ. ತಾನು ಬರದಿದ್ದರೆ ಇನ್ನೊಬ್ಬಳು ಬರುತ್ತಾಳೆ, ಅವಳಿಗೂ ಎರಡೇ ಕಣ್ಣು ಎಂದಳು.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಬರಿಗೈಯಲ್ಲಿ ಕಸ ಬಗೆಯತೊಡಗಿದ. ಒಂದು ಬ್ಯಾಟರಿ ಸಿಕ್ಕಿತು, ಆಮೇಲೆ ಮೂರು, ಆಮೇಲೆ ಐದು.

"ಒಟ್ಟು ಎಷ್ಟಿವೆ?" ಎಂದಳು ಅಕ್ಕ.

"ಗೊತ್ತಿಲ್ಲಕ್ಕ. ಹಾಕಿದವರು ಹೋಗ್ಬಿಟ್ರು."

ಅವಳು ಬೆಂಕಿಪೆಟ್ಟಿಗೆಯನ್ನು ಗೋಡೆಯ ಮೇಲಿಟ್ಟು ಪಕ್ಕದಲ್ಲೇ ಕುಳಿತಳು.

"ಎಡಗಡೆ ನಾನು ಹುಡುಕ್ತೀನಿ. ಬಲಗಡೆ ನೀನು ನೋಡು. ಆ ಕಡೆ ನಂಗೆ ಕಾಣಲ್ಲ."

ಮೈಕಣ್ಣ ಎದ್ದು ಅವಳ ಬಲಗಡೆಗೆ ಹೋಗಿ ಕುಳಿತ.