ಭಾಮೈದನಿಗೆ ಹೇಳದ ಸಾಲ

ಔಷಧಿ ಕಾರ್ಖಾನೆಯ ಎಂಜಿನಿಯರ್ ಶ್ರೀನಿವಾಸಮೂರ್ತಿ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಒಬ್ಬರೇ ಇದ್ದಾರೆ. ಹೆಂಡತಿ ಕೋಕಿಲಾ ಮೈಸೂರಿನ ತವರಿನಲ್ಲಿ. ಮಗಳು ವಿಭಾ ಮಂಗಳೂರಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಭಾನುವಾರ ಕೆಳಗೆ ಮಟಾಟು ಮಿನಿಬಸ್ಸುಗಳ ಗದ್ದಲ. ಮೇಲೆ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗು ಬಿಟ್ಟರೆ ಸದ್ದೇ ಇಲ್ಲ. ಮನೆಗೆ ಫೋನ್ ಮಾಡಿದರೂ, "ಇಲ್ಲಿ ಚಳಿ. ಊಟ ಆಯ್ತಾ? ಇಡ್ಲಾ?" ಅಷ್ಟೇ.

ಅದಕ್ಕೆ ಕಾರಣವಿತ್ತು. ಮಗಳಿಗೆ ಸೀಟು ಸಿಕ್ಕ ಸಂತೋಷಕ್ಕೆ ಮಾವನ ಮನೆಯಲ್ಲಿ ಊಟವಿತ್ತು. "ಒಂದು ಪೈಸೆ ಸಾಲ ಮಾಡ್ದೆ ಓದಿಸ್ತೀನಿ" ಎಂದು ಮೂರ್ತಿಯವರು ಎಲ್ಲರೆದುರು ಜಂಬ ಕೊಚ್ಚಿಕೊಂಡರು. ಆಮೇಲೆ ಗುಟ್ಟಾಗಿ ತಮ್ಮ ಹೆಸರಿನಲ್ಲಿ ಬ್ಯಾಂಕಿನಿಂದ ಶಿಕ್ಷಣ ಸಾಲ ತೆಗೆದರು. ಮಾತು ಬೆಳೆದರೆ ಬಾಯಿ ಜಾರೀತೆಂಬ ಭಯ ಅವರಿಗೆ.

ಒಂದು ಭಾನುವಾರ ಎದುರು ಫ್ಲ್ಯಾಟಿನ ಇಂದು ಎಂಬ ಹುಡುಗಿ ಸಾರು ತಂದುಕೊಟ್ಟಳು. ಬೆಂಗಳೂರಿನವಳು, ಬ್ಯಾಂಕಿನಲ್ಲಿ ಕೆಲಸ. ಅವರ ಸಪ್ಪೆ ಮುಖ ಕಂಡು ವಿಚಾರಿಸಿದಳು. ಊರಿನವರಿಗೆ ಹೇಳಲಾಗದ್ದನ್ನು ಮೂರ್ತಿಯವರು ಅವಳಿಗೆ ಹೇಳಿಬಿಟ್ಟರು. ಬೆಂಗಳೂರಿನ ತಮ್ಮ ಮನೆಯಿಂದ ಬರುವ ಬಾಡಿಗೆಯಲ್ಲೇ ಬಡ್ಡಿ ಕಟ್ಟುತ್ತಿರುವುದನ್ನೂ ಹೇಳಿದರು.

"ಬೆಂಗಳೂರು ಮನೆ ಬಾಡಿಗೆಗೆ ಇಂಡಿಯಾದಲ್ಲಿ ಟ್ಯಾಕ್ಸ್ ಕಟ್ತೀರಲ್ಲ ಸರ್, ಈ ಬಡ್ಡಿ ತೋರ್ಸಿದ್ರಾ?"

"ಫೀಸ್ ಕಟ್ಟಿದ್ದು ಬ್ಯಾಂಕು. ನಾನೇನಮ್ಮ ತೋರ್ಸೋದು? ಅದೂ ನಾನಿರೋದು ಕೀನ್ಯಾದಲ್ಲಿ."

"ಎಲ್ಲಿದ್ರೇನು? ಸಾಲ ನಿಮ್ಮ ಹೆಸರಲ್ಲಿದೆ, ಬಡ್ಡಿ ಬಾಡಿಗೆ ದುಡ್ಡಲ್ಲೇ ಕಟ್ತಿದೀರ. ವರ್ಷದಲ್ಲಿ ಕಟ್ಟಿದ ಬಡ್ಡೀನ ಪೂರ್ತಿ ಆ ಆದಾಯದಿಂದ ಕಳೀಬಹುದು. ಅಸಲಿಗಿಲ್ಲ, ಬಡ್ಡಿಗೆ ಮಾತ್ರ. ಹಳೇ ತೆರಿಗೆ ಪದ್ಧತಿ ಆರಿಸ್ಕೋಬೇಕು. ಬ್ಯಾಂಕಿಂದ ಬಡ್ಡಿ ಸರ್ಟಿಫಿಕೇಟ್ ತರ್ಸಿ ಆಡಿಟರ್‌ಗೆ ಕಳ್ಸಿ."

ಮೂರ್ತಿಯವರು ತಲೆ ತಗ್ಗಿಸಿದರು. "ಆಡಿಟರ್ರು ನನ್ನ ಭಾಮೈದ ಲಕ್ಷ್ಮೀಶ. ಅವನ ಮುಂದೇನೇ ಜಂಬ ಕೊಚ್ಚಿದ್ದು."

ಇಂದುವಿಗೆ ನಗುವೂ ಬಂತು, ಪಾಪವೂ ಅನಿಸಿತು. "ಅದಕ್ಕೋಸ್ಕರ ಸುಮ್ನೆ ಹೆಚ್ಚಿಗೆ ಟ್ಯಾಕ್ಸ್ ಕಟ್ತಿದೀರಾ? ದುಡ್ಡು ಹಾಳಾಗ್ಲಿ ಸರ್, ಮನೆಯವರ ಹತ್ರ ಮನಸ್ಸು ಬಿಚ್ಚಿ ಮಾತಾಡಿ ಎಷ್ಟು ದಿನ ಆಯ್ತು?"

ಅವಳು ಹೋದ ಮೇಲೆ ಮೂರ್ತಿಯವರು ಫೋನ್ ಎತ್ತಿಕೊಂಡರು, ಇಟ್ಟರು, ಮತ್ತೆ ಎತ್ತಿಕೊಂಡರು. ಲಕ್ಷ್ಮೀಶ ಎಲ್ಲ ಕೇಳಿಸಿಕೊಂಡ. "ಹೋದ ವರ್ಷದ ಗಡುವು ಮುಗೀತು ಭಾವ, ಅದು ಹೋಯ್ತು. ಈ ವರ್ಷದ್ದು ಎರಡೂ ಪದ್ಧತೀಲಿ ಲೆಕ್ಕ ಹಾಕಿ, ಯಾವುದು ಲಾಭವೋ ನೋಡ್ತೀನಿ. ಅಕ್ಕ ಇಲ್ಲೇ ಇದಾಳೆ, ಕೊಡ್ಲಾ?"

ಹೆಂಡತಿಗೂ ಎಲ್ಲ ಹೇಳಿದರು.

"ಬರೀ ಸಾಲಕ್ಕಾ ರೀ ನೀವು ಮಾತು ಬಿಟ್ಟಿದ್ದು? ನಾವು ನಿಮಗೆ ಬೇಡವಾದ್ವೇನೋ ಅಂತ ನಾನಿಲ್ಲಿ ದಿನಾ ಅಳ್ತಿದ್ದೆ."

ನೈರೋಬಿಯಲ್ಲಿ ಮೂರ್ತಿಯವರು ಒಂಟಿಯಾಗಿದ್ದಷ್ಟೇ ಮೈಸೂರಿನಲ್ಲಿ ಆಕೆಯೂ ಒಂಟಿಯಾಗಿದ್ದರು.

ಪರದೇಶದಲ್ಲಿ ದುಡಿಯುವ ಅಪ್ಪ ಅಮ್ಮಂದಿರೇ, ಮಕ್ಕಳ ಉನ್ನತ ಶಿಕ್ಷಣಕ್ಕೆ ಸಾಲ ತೆಗೆದಿದ್ದೀರಾ? ನೆಂಟರ ಕೈಸಾಲಕ್ಕೆ ಈ ವಿನಾಯಿತಿ ಇಲ್ಲ. ಬ್ಯಾಂಕಿನ ಸಾಲಕ್ಕೆ ಇದೆ. ಅದೂ ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಎಂಟು ವರ್ಷ ಮಾತ್ರ. ಗಡುವಿನೊಳಗೆ ರಿಟರ್ನ್ ಸಲ್ಲಿಸಿ. ಮಕ್ಕಳನ್ನು ಓದಿಸಲು ಮಾಡಿದ ಸಾಲದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆಡಿಟರಿಗೆ ನಾಳೆ ಹೇಳಿದರೂ ಆದೀತು, ಮನೆಯವರಿಗೆ ಇವತ್ತೇ ಹೇಳಿ.