ಉಪ್ಪುಕೆರೆಯ ಮುಂದಿನ ನಿಲ್ದಾಣ

ಗುದ್ದಲಿಯ ಸದ್ದು ನಿಂತಿತು. ಮೂಳೆ ಸಿಕ್ಕಿರಬೇಕು ಎಂದುಕೊಂಡಳು ಸವ್ದತ್. ಗೋರಿಗಳ ನಡುವೆ ಹೆಂಗಸರು ಕಾಲಿಡುವ ವಾಡಿಕೆ ಇರಲಿಲ್ಲ. ಅವಳು ಬೇಲಿಯ ಹೊರಗೆ, ನೆರೆಮನೆಯ ಕಜಾಕ್ ಹೆಂಗಸು ಕುಲ್ಯಾಶಳ ಪಕ್ಕದಲ್ಲಿ ನಿಂತಿದ್ದಳು. ಒಳಗೆ ಅವಳ ಗಂಡ ಅಲ್ಖಾಜುರ್ ಮಂಡಿಯೂರಿ ಕೂತು, ತನ್ನ ತಂದೆಯನ್ನು ಒಂದೊಂದೇ ಎಲುಬಾಗಿ ಮೇಲೆತ್ತಿ ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದ.

ಆ ವಸಂತದಲ್ಲಿ ಊರಿನ ಚೆಚೆನ್ನರೆಲ್ಲ ಅದೇ ಕೆಲಸದಲ್ಲಿದ್ದರು. ಹದಿಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಬೆಳಗ್ಗೆ, ಮಾಸ್ಕೋದ ಅಪ್ಪಣೆಯೊಂದು ಬಂದು ಇಡೀ ಜನಾಂಗವನ್ನೇ ಪಡುವಣದ ಬೆಟ್ಟಗಳಿಂದ ಎಬ್ಬಿಸಿ ದನದ ವ್ಯಾಗನ್ನುಗಳಿಗೆ ತುಂಬಿ ಈ ಕಜಾಕ್ ಬಯಲಿಗೆ ತಂದುಹಾಕಿತ್ತು. ಈಗ ಅದೇ ಮಾಸ್ಕೋದಿಂದ ಇನ್ನೊಂದು ಅಪ್ಪಣೆ ಬಂದು, ಇನ್ನು ನೀವು ಹೋಗಬಹುದು ಎಂದಿತ್ತು. ಮೊದಲನೆಯದರಲ್ಲಿ ಅವರು ದ್ರೋಹಿಗಳು, ಎರಡನೆಯದರಲ್ಲಿ ಅಲ್ಲ. ನಡುವೆ ಸತ್ತವರ ಬಗ್ಗೆ ಎರಡರಲ್ಲೂ ಒಂದು ಮಾತೂ ಇರಲಿಲ್ಲ. ಹಾಗಾಗಿ ಬದುಕಿದ್ದವರು ಹಾಸಿಗೆ, ಕೆಟಲುಗಳ ಜೊತೆಗೆ ಸತ್ತವರನ್ನೂ ಕಟ್ಟಿಕೊಳ್ಳುತ್ತಿದ್ದರು. ರೈಲಿನಲ್ಲಿ ಮೂಳೆ ಸಾಗಿಸಕೂಡದೆಂಬ ಕಾನೂನಿತ್ತಂತೆ. ಪೆಟ್ಟಿಗೆಯ ಮೇಲೆ ರಜಾಯಿ ಹೊದಿಸಿದರೆ ಯಾರಿಗೆ ಕಾಣುತ್ತದೆ ಎಂದು ಗಂಡಸರು ಮಾತಾಡಿಕೊಂಡಿದ್ದರು.

"ನೀವು ಬರೋ ಮುಂಚೆ ಕಮಾಂಡೆಂಟು ನಮ್ಮನ್ನೆಲ್ಲ ಸೇರಿಸಿ, ಮನುಷ್ಯರನ್ನ ತಿನ್ನೋ ಜನ ಬರ್ತಾರೆ, ಮಕ್ಕಳನ್ನ ಒಳಗೆ ಹಾಕ್ಕೊಳ್ಳಿ ಅಂದಿದ್ದ," ಎಂದಳು ಕುಲ್ಯಾಶ್. "ಹದಿಮೂರು ವರ್ಷ ಕಾದೆ ಕಣೇ. ನಮ್ಮ ಅತ್ತೆಯನ್ನಾದರೂ ತಿಂತೀರೇನೋ ಅಂತ ಆಸೆ ಇತ್ತು."

ಸವ್ದತ್ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಗೆಳತಿಗೆ ಈ ಬೇಲಿಯೊಳಗೆ ಅಗೆಯುವುದಕ್ಕೆ ತನ್ನದೆನ್ನುವುದು ಏನೂ ಇಲ್ಲ ಎಂಬುದು ಕುಲ್ಯಾಶಳಿಗೆ ಗೊತ್ತಿತ್ತು. ಎಂದೋ ಒಮ್ಮೆ ಹಸು ಕರೆಯುತ್ತ ಸವ್ದತ್ ಅವಳಲ್ಲಿ ಹೇಳಿಕೊಂಡಿದ್ದಳು.

ಚೊಚ್ಚಲ ಮಗು ಹೆಣ್ಣು. ಬಾಳಲಿ ಎಂದು ಯಾಖಾ ಎಂಬ ಹೆಸರಿಟ್ಟಿದ್ದರು. ಆ ಹೆಸರಿನ ಅರ್ಥವೇ ಅದು. ವ್ಯಾಗನ್ನಿನಲ್ಲಿ ಎದೆಹಾಲು ಬತ್ತಿತು, ಮಗುವಿಗೆ ಜ್ವರ ಬಂತು, ಒಂದು ಮುಂಜಾನೆ ಅದರ ಬಾಯಿ ಮೊಲೆಯನ್ನು ಬಿಟ್ಟಿತು. ಸತ್ತವರು ಕಣ್ಣಿಗೆ ಬಿದ್ದರೆ ಸಿಪಾಯಿಗಳು ಓಡುವ ರೈಲಿನಿಂದಲೇ ಎಸೆದುಬಿಡುತ್ತಿದ್ದರು. ಸವ್ದತ್ ಎರಡು ದಿನ ಮಗುವನ್ನು ಮಲಗಿಸುವವಳಂತೆ ತೊಡೆಯ ಮೇಲಿಟ್ಟುಕೊಂಡು ತೂಗಿದಳು. ಮೂರನೆಯ ದಿನ ಯಾವುದೋ ಸಣ್ಣ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಇಳಿದು, ಹಳಿಯ ಪಕ್ಕದ ಹಿಮವನ್ನು ಕೈಯಿಂದ ಬಗೆದು ಮಗುವನ್ನು ಇಟ್ಟಳು, ಮೇಲೆ ಹಿಮವನ್ನೇ ಎಳೆದಳು. ದೂರ ಹೋದರೆ ಗುಂಡು ಹೊಡೆಯುತ್ತೇನೆ ಎಂದು ಸಿಪಾಯಿ ಕೂಗುತ್ತಿದ್ದ. ಅವಳಂತೆ ಅವನಿಗೂ ಇಪ್ಪತ್ತು ದಾಟಿರಲಿಲ್ಲ.

ಅಲ್ಖಾಜುರ್ ಆಗ ವ್ಯಾಗನ್ನಿನ ಇನ್ನೊಂದು ಮೂಲೆಯಲ್ಲಿ ತಂದೆಯ ಹತ್ತಿರ ಕೂತಿದ್ದ. ಅವರಲ್ಲಿ ಹಿರಿಯರೆದುರು ಗಂಡಸು ತನ್ನ ಮಗುವನ್ನು ಎತ್ತಿಕೊಳ್ಳುವುದಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಅವನು ಅಂದು ತಲೆ ಎತ್ತಲಿಲ್ಲ. ತಂದೆ ತೀರಿಕೊಂಡ ಮೇಲೂ, ಎರಡನೆಯ ಮಗಳು ಲೈಸಾ ಹುಟ್ಟಿದ ಮೇಲೂ, ಯಾಖಾ ಎಂಬ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಗಂಡನ ಹೆಸರನ್ನು ಅವಳು ಹೇಳುವಂತಿರಲಿಲ್ಲ, ಮಗಳ ಹೆಸರನ್ನು ಅವನು ಹೇಳಲಿಲ್ಲ. ಹೀಗೆ ಒಂದೇ ಸೂರಿನಡಿ ವರ್ಷಗಳು ಕಳೆದಿದ್ದವು. ಅವನು ಮರೆತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಮರೆಯುವುದಕ್ಕೂ ಗಟ್ಟಿ ಎದೆ ಬೇಕು ಎಂದುಕೊಂಡು, ಅದನ್ನು ಕ್ಷಮಿಸಿಯೂ ಇದ್ದಳು.

ರೈಲು ಪಡುವಣಕ್ಕೆ ಹೊರಟ ದಿನ ಕುಲ್ಯಾಶ್ ಎಣ್ಣೆಯಲ್ಲಿ ಕರಿದ ರೊಟ್ಟಿಗಳ ಗಂಟು ಕೊಟ್ಟು, ಅಳುವುದಕ್ಕೆ ಪುರಸೊತ್ತಿಲ್ಲ, ಹಸು ಕಾಯುತ್ತಿದೆ ಎಂದು ಬೆನ್ನು ತಿರುಗಿಸಿ ಹೋದಳು. ಬೋಗಿಯ ತುಂಬ ಹಾಡು, ಜಗಳ, ಊರಿನ ಮಾತು. ತಮ್ಮ ಮನೆಗಳಲ್ಲಿ ಈಗ ಬೇರೆ ಯಾರೋ ಇದ್ದಾರಂತೆ, ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಯಾರೋ ಎತ್ತಿದರೆ, ಮೊದಲು ಅಂಗಳದ ಬುಗ್ಗೆಯ ನೀರು ಕುಡಿಯೋಣ, ಆಮೇಲೆ ಆ ಮಾತು ಎಂದು ಉಳಿದವರು ಬಾಯಿ ಮುಚ್ಚಿಸಿದರು. ಅಲ್ಖಾಜುರ್ ತಂದೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದ.

ಸವ್ದತ್ ಕಿಟಕಿ ಬಿಟ್ಟು ಕದಲಲಿಲ್ಲ. ಪ್ರತಿ ನಿಲ್ದಾಣದಲ್ಲೂ ಎದ್ದು ನಿಲ್ಲುತ್ತಿದ್ದಳು. ಎಲ್ಲ ಕಡೆಯೂ ಅದೇ ನೀರಿನ ಗೋಪುರ, ಅದೇ ಹಳದಿ ಗೋಡೆ, ಹಳಿಯ ಪಕ್ಕ ಒಟ್ಟಿದ ಅದೇ ಮರದ ದಿಮ್ಮಿಗಳು. ಅಂದು ಎಲ್ಲವೂ ಬೆಳ್ಳಗಿತ್ತು. ಇಂದು ಎಲ್ಲಿ ನೋಡಿದರೂ ಹುಲ್ಲು. ಬೆಟ್ಟಗಳು ಹತ್ತಿರವಾದಷ್ಟೂ ಜನರ ದನಿ ಏರುತ್ತಿತ್ತು. ಮಗುವನ್ನು ಇಟ್ಟ ನಿಲ್ದಾಣವನ್ನು ಗುರುತಿಸದೆ ಆಗಲೇ ಹಾದುಬಂದಿರಬಹುದು ಎಂದು ಅವಳಿಗೆ ಎನಿಸಿತು. ಮುಂದಿನ ನಿಲ್ದಾಣದಲ್ಲಿ ಗಾಡಿ ನಿಧಾನವಾಗುತ್ತಿದ್ದಂತೆ ಅವಳು ಬಾಗಿಲಿಗೆ ಧಾವಿಸಿದಳು.

ಹಿಂದಿನಿಂದ ಗಂಡನ ದನಿ ಕೇಳಿತು. "ಇದಲ್ಲ."

ಅವಳು ತಿರುಗಿದಳು.

"ಉಪ್ಪಿನ ಕೆರೆ ಇನ್ನೂ ಬಂದಿಲ್ಲ," ಎಂದ ಅಲ್ಖಾಜುರ್. ಅವನು ಅವಳ ಮುಖ ನೋಡಲಿಲ್ಲ. "ಆವತ್ತು ಗಾಡಿ ಹೊರಟ ಮೇಲೆ ಕೆರೆ ಬಂತು. ಹಲಗೆ ಸಂದಿಯಿಂದ ನೋಡಿದೆ. ಸುತ್ತ ಹಿಮ, ನಡುವೆ ಕಪ್ಪು ನೀರು, ಹೆಪ್ಪುಗಟ್ಟಿರಲಿಲ್ಲ. ಈಗ ನಾವು ವಾಪಸ್ ಹೋಗ್ತಿದ್ದೀವಿ. ಕೆರೆ ಮೊದಲು ಬರಬೇಕು. ಅದಾದ ಮೇಲಿನದು."

ಅವಳು ಅಲ್ಲೇ ಯಾರದೋ ಗಂಟಿನ ಮೇಲೆ ಕೂತಳು. "ನೀವು ನೋಡಿದ್ರಾ?" ಎಂದಳು.

"ನೋಡದೆ ಏನು."

ಇಷ್ಟು ವರ್ಷ ಅವನು ಆ ದಾರಿಯನ್ನು ಮನಸ್ಸಿನೊಳಗೇ ಹಿಂದುಮುಂದಾಗಿ ನಡೆಯುತ್ತಿದ್ದನೆಂದು ಅವಳಿಗೆ ಆಗ ಹೊಳೆಯಿತು. ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು. ತಾನಾದರೂ ಅವನಿಗೆ ಏನು ಹೇಳಿದ್ದಳು?

ಕೆರೆ ಮರುದಿನ ಮಧ್ಯಾಹ್ನ ಬಂತು. ಬಿಸಿಲಿಗೆ ದಡದ ಉಪ್ಪು ಕಣ್ಣು ಕುಕ್ಕುತ್ತಿತ್ತು. ಅಲ್ಖಾಜುರ್ ಪೆಟ್ಟಿಗೆಯನ್ನು ಪಕ್ಕದ ಮುದುಕರ ವಶಕ್ಕೆ ಕೊಟ್ಟು, ಟೋಪಿ ಸರಿಮಾಡಿಕೊಂಡು ಎದ್ದು ನಿಂತ. ಅವರ ಅದೃಷ್ಟಕ್ಕೆ, ಎದುರಿನಿಂದ ಬರುವ ಗೂಡ್ಸ್ ಗಾಡಿಗೆ ದಾರಿ ಬಿಡಲು ರೈಲು ಆ ನಿಲ್ದಾಣದಲ್ಲಿ ನಿಂತಿತು.

ಲೈಸಾಳೂ ಸೇರಿ ಮೂವರೂ ಇಳಿದರು. ಅವನು ಮುಂದೆ ನಡೆದ. ಗೋಪುರದಿಂದ ದಿಕ್ಕು ಹಿಡಿದು, ನಿಂತು, ನೋಡಿ, ಮತ್ತೆ ನಡೆದು ಒಂದು ಕಡೆ ನಿಂತ. ಅಲ್ಲಿ ಅಗೆಯಲು ನೆಲವೇ ಇರಲಿಲ್ಲ. ಯುದ್ಧ ಮುಗಿದ ಮೇಲೆ ಯಾವಾಗಲೋ ಎರಡನೆಯ ಹಳಿ ಹಾಕಿದ್ದರು. ಜಲ್ಲಿಕಲ್ಲಿನ ದಿಬ್ಬ, ಅದರ ಮೇಲೆ ಎಣ್ಣೆ ಕುಡಿದ ಮರ, ಅದರ ಮೇಲೆ ಹೊಳೆಯುವ ಕಬ್ಬಿಣ.

ಸವ್ದತ್ ಬಗ್ಗಿ ಜಲ್ಲಿಯ ಮೇಲೆ ಅಂಗೈ ಇಟ್ಟಳು. ಕಲ್ಲು ಬಿಸಿಲಿಗೆ ಕಾದಿತ್ತು. ಅಂದು ಬೆರಳುಗಳಿಗೆ ಹತ್ತಿದ ಚಳಿ ಇನ್ನೂ ಇಳಿದಿರಲಿಲ್ಲವೇನೋ ಎಂಬಂತೆ ಅವಳು ಕೈ ತೆಗೆಯಲೇ ಇಲ್ಲ.

"ಇಲ್ಲೇನಿದೆ ಅಪ್ಪಾ?" ಎಂದಳು ಲೈಸಾ.

ಬೋಗಿಯ ಕಿಟಕಿಗಳಿಂದ ಊರಿನ ಹಿರಿಯರು ನೋಡುತ್ತಿದ್ದರು. ಅಲ್ಖಾಜುರ್ ಅವರ ಕಡೆ ಒಮ್ಮೆ ನೋಡಿದ. ಆಮೇಲೆ ಅವರೆಲ್ಲರ ಕಣ್ಣೆದುರೇ ಮಗಳ ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆ ಎಳೆದುಕೊಂಡ.

"ನಿನ್ನ ಅಕ್ಕ," ಎಂದ. "ಯಾಖಾ ಅಂತ. ನಮ್ಮ ಯಾಖಾ."

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಅವನು ಹೆಂಡತಿಯನ್ನು ತೋಳು ಹಿಡಿದು ಎಬ್ಬಿಸಿ ಹಿಂದಕ್ಕೆ ಕರೆದುಕೊಂಡ. ಮರದ ಹೊರೆ ಹೊತ್ತ ವ್ಯಾಗನ್ನುಗಳು ಒಂದರ ಹಿಂದೊಂದು ಗಡಗಡಿಸುತ್ತ ಅವರ ಮುಂದೆ ಹಾದುಹೋದವು. ಅವನು ಕಣ್ಣುಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದ. ಆ ಸದ್ದಿನಲ್ಲಿ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಕೊನೆಯ ವ್ಯಾಗನ್ನೂ ದಾಟಿತು. ಹಳಿಗಳ ನಡುವೆ ಜಲ್ಲಿ ಸೀಳಿಕೊಂಡು ಬಂದಿದ್ದ ಹುಲ್ಲು ಗಾಳಿಗೆ ನೆಲಕ್ಕೊರಗಿತ್ತು. ಒಂದೆರಡು ಕ್ಷಣದ ಮೇಲೆ ಅದು ಮೆಲ್ಲಗೆ ನೆಟ್ಟಗಾಯಿತು.